ಟಿವಿ ಹಾಕೋ ಮುಂಚೆ ಗೋಡೆ ತಟ್ಟಿ ನೋಡಿ

ಇವತ್ತಿನ ಸಂಚಿಕೆ ದೇವನಹಳ್ಳಿ, ಹೊಸಕೋಟೆ, ನೆಲಮಂಗಲ, ದೊಡ್ಡಬಳ್ಳಾಪುರದ ಕಡೆ ಹೊಸದಾಗಿ ಬಾಡಿಗೆಗೆ ಬಂದಿರೋರಿಗೆ. ಹೊಸ ಟಿವಿ ಬಂದಿದೆ, ಸಂಜೆ ಆರ್‌ಸಿಬಿ ಮ್ಯಾಚ್ ಇದೆ, ಫಿಟ್ ಮಾಡೋ ಹುಡುಗ ಡ್ರಿಲ್ ಹಿಡ್ಕೊಂಡು ನಿಂತಿದ್ದಾನೆ. ‘ಎಲ್ಲಿ ಹಾಕ್ಲಿ ಸಾರ್?’ ಅಂತಾನೆ. ಜಾಗ ತೋರಿಸೋ ಮುಂಚೆ ಬೆರಳು ಮಡಚಿ ಒಂದ್ಸಲ ಗೋಡೆ ತಟ್ಟಿ.

ಗಟ್ಟಿಯಾಗಿ ಠಕ್ ಅಂದ್ರೆ ಅದು ಇಟ್ಟಿಗೆ ಅಥವಾ ಸಾಲಿಡ್ ಬ್ಲಾಕ್ ಗೋಡೆ. ಡೋಲು ಬಡಿದ ಹಾಗೆ ಡಬ್ ಅಂದ್ರೆ ಬಹುಶಃ ಜಿಪ್ಸಂ ಬೋರ್ಡ್. ದೊಡ್ಡ ಹಾಲ್ ಮಧ್ಯೆ ಅಡ್ಡಗೋಡೆ ಹಾಕಿ ಎರಡು ರೂಮ್ ಮಾಡಿರೋ ಕಡೆ, ಪಿಜಿಗಳಲ್ಲಿ, ಆಫೀಸುಗಳಲ್ಲಿ ಇದು ಸಾಮಾನ್ಯ. ಇಲ್ಲೊಂದು ಗೊಂದಲ ಇದೆ. ‘ನಮ್ದು ಜಿಪ್ಸಂ ಗೋಡೆ’ ಅಂತ ಓನರ್ ಹೇಳಿದ್ರೆ ಅದು ಜಿಪ್ಸಂ ಪ್ಲಾಸ್ಟರ್ ಕೂಡ ಆಗಿರಬಹುದು. ಪ್ಲಾಸ್ಟರ್ ಆದ್ರೆ ಹಿಂದೆ ಬ್ಲಾಕ್ ಇರುತ್ತೆ, ಚಿಂತೆ ಇಲ್ಲ. ಸ್ಕ್ರೂ ಮಾತ್ರ ಪ್ಲಾಸ್ಟರ್ ದಾಟಿ ಬ್ಲಾಕ್ ಒಳಗೆ ಹೋಗುವಷ್ಟು ಉದ್ದ ಇರಬೇಕು.

ಬೋರ್ಡ್ ಆದ್ರೆ ಕಥೆಯೇ ಬೇರೆ. ಅದರ ದಪ್ಪ ಸಾಮಾನ್ಯವಾಗಿ 12.5 ಮಿಲಿಮೀಟರ್, ಹಿಂದೆ ಖಾಲಿ. ಬ್ರಾಕೆಟ್ ಜೊತೆ ಬರೋ ಪ್ಲಾಸ್ಟಿಕ್ ಪ್ಲಗ್ ಸಾಮಾನ್ಯವಾಗಿ ಗಟ್ಟಿ ಗೋಡೆಗೆ ಮಾಡಿದ್ದು. ಸ್ಕ್ರೂ ತಿರುಗಿಸಿದಾಗ ಅದು ಉಬ್ಬಿ, ಸುತ್ತಲಿನ ಗೋಡೆಯನ್ನು ಒತ್ತಿ ಹಿಡಿಯುತ್ತೆ. ಬೋರ್ಡಿನಲ್ಲಿ ಹಾಗೆ ಒತ್ತಿ ಹಿಡಿಯೋಕೆ ಗಟ್ಟಿಯಾದದ್ದೇ ಇಲ್ಲ. ಮೊದಲ ದಿನ ಟಿವಿ ಚೆನ್ನಾಗೇ ನಿಲ್ಲುತ್ತೆ, ಅದೇ ಅಪಾಯ. ಆಮೇಲೆ ತೂತು ನಿಧಾನಕ್ಕೆ ಪುಡಿಯಾಗುತ್ತಾ ಬರುತ್ತೆ. ಒಂದು ದಿನ ಬಾಗಿಲು ಜೋರಾಗಿ ಬಡಿದಾಗ ಕಿತ್ತು ಬರುತ್ತೆ. ಆಗ ಕೆಳಗೆ ಮಗು ಆಡ್ತಾ ಇರಬಹುದು.

‘ಯೂಟ್ಯೂಬ್‌ನಲ್ಲಿ ನೋಡಿದೀನಿ, ಸ್ಟಡ್ ಹುಡುಕಿ ಸ್ಕ್ರೂ ಹೊಡೆದ್ರೆ ಸಾಕು’ ಅಂತೀರಾ? ಆ ವಿಡಿಯೊಗಳಲ್ಲಿ ಹೆಚ್ಚಿನವು ಅಮೆರಿಕದ ಮನೆಗಳವು. ಅಲ್ಲಿ ಬೋರ್ಡ್ ಹಿಂದೆ ಇರೋದು ಮರದ ಕಂಬ. ನಮ್ಮ ಕಡೆ ಸಾಮಾನ್ಯವಾಗಿ ಇರೋದು ತೆಳು ತಗಡಿನ ಜಿಐ ಚಾನೆಲ್. ಮರದಲ್ಲಿ ಹಿಡಿಯೋ ಸ್ಕ್ರೂ ತಗಡಿನಲ್ಲಿ ಹಾಗೇ ಹಿಡಿಯಲ್ಲ.

ಇನ್ನು ತೂಕದ ಲೆಕ್ಕ. 55 ಇಂಚಿನ ಟಿವಿ 15 ಕೆ.ಜಿ. ಇದೆ ಅಂದ್ಕೊಳ್ಳಿ. ಬ್ರಾಕೆಟ್‌ನ ಮೇಲಿನ ಸ್ಕ್ರೂಗೂ ಕೆಳಗಿನ ಸ್ಕ್ರೂಗೂ 20 ಸೆಂ.ಮೀ. ಅಂತರ. ಗೋಡೆಗೆ ಅಂಟಿಕೊಂಡ ಹಾಗಿರೋ ಫಿಕ್ಸೆಡ್ ಬ್ರಾಕೆಟ್‌ನಲ್ಲಿ ಟಿವಿ 5 ಸೆಂ.ಮೀ. ಮುಂದಿದ್ರೆ, ಮೇಲಿನ ಸ್ಕ್ರೂಗಳನ್ನು ಹೊರಗೆ ಎಳೆಯೋ ಬಲ ನಾಲ್ಕು ಕೆ.ಜಿ.ಗಿಂತ ಕಡಿಮೆ. ಅದೇ ಟಿವಿಯನ್ನು ಕೈ ಚಾಚೋ ಬ್ರಾಕೆಟ್‌ಗೆ ಹಾಕಿ 40 ಸೆಂ.ಮೀ. ಮುಂದಕ್ಕೆ ಎಳೆದ್ರೆ ಅದು 30 ಕೆ.ಜಿ. ಆಗುತ್ತೆ. ತುಂಬಿದ ಬಿಂದಿಗೆಯನ್ನು ಸೊಂಟದ ಮೇಲೆ ಇಟ್ಕೊಳ್ಳೋದಕ್ಕೂ ಕೈ ಚಾಚಿ ಹಿಡಿಯೋದಕ್ಕೂ ಇರೋ ವ್ಯತ್ಯಾಸ ಇದೇ. ಬೋರ್ಡ್ ಗೋಡೆಗೆ ಫಿಕ್ಸೆಡ್ ಬ್ರಾಕೆಟ್ ಮಾತ್ರ ಸಾಕು.

ಹಾಗಾದ್ರೆ ಹಾಕೋದು ಹೇಗೆ? ಗೋಡೆ ಇನ್ನೂ ಕಟ್ತಾ ಇದ್ರೆ, ಟಿವಿ ಬರೋ ಜಾಗದಲ್ಲಿ ಬೋರ್ಡ್ ಹಿಂದೆ 18 ಮಿ.ಮೀ. ಪ್ಲೈವುಡ್ ಕೂರಿಸೋಕೆ ಹೇಳಿ. ಗೋಡೆ ಆಗಲೇ ಮುಗಿದಿದ್ರೆ, ಸಣ್ಣ ಅಯಸ್ಕಾಂತವನ್ನು ಗೋಡೆ ಮೇಲೆ ಸರಿಸಿ. ಬೋರ್ಡಿನ ಸ್ಕ್ರೂಗಳ ಹತ್ತಿರ ಅದು ಅಂಟುತ್ತೆ. ಆ ಸ್ಕ್ರೂಗಳ ಸಾಲೇ ಚಾನೆಲ್. ಎರಡು ಚಾನೆಲ್‌ಗೂ ಮುಟ್ಟುವಷ್ಟು ಅಗಲದ ಪ್ಲೈವುಡ್ ತಂದು, ಮೇಲಿಂದ ಕೆಳಗೆ ಹಲವು ಸ್ಕ್ರೂ ಹಾಕಿ ಗೋಡೆಯ ಮೇಲೆಯೇ ಕೂರಿಸಿ. ಬ್ರಾಕೆಟ್ ಆ ಪ್ಲೈವುಡ್‌ಗೆ. ಬಣ್ಣ ಹೊಡೆದ್ರೆ ಟಿವಿ ಪ್ಯಾನೆಲ್ ಥರಾನೇ ಕಾಣುತ್ತೆ.

ಹಗುರ ಟಿವಿಗೆ ಬಟರ್‌ಫ್ಲೈ ಆಂಕರ್ ಕೂಡ ಇದೆ. ತೂತಿನ ಒಳಗೆ ಹೋಗಿ, ಬೋರ್ಡ್ ಹಿಂದೆ ರೆಕ್ಕೆ ಬಿಚ್ಚಿ ಹಿಡಿಯುತ್ತೆ. ಪ್ಯಾಕೆಟ್ ಮೇಲಿನ ಅಂಕಿ ಸುರಕ್ಷಿತ ಮಿತಿನಾ, ಕಿತ್ತು ಬರೋ ಮಿತಿನಾ ನೋಡಿ. ಎರಡನೆಯದಾದ್ರೆ ಅದರ ಕಾಲು ಭಾಗವನ್ನಷ್ಟೇ ನಂಬಿ.

ತೂತು ಹೊಡೆಯೋ ಮುಂಚೆ ಮೇನ್ ಆಫ್ ಮಾಡಿ. ಸ್ವಿಚ್‌ಬೋರ್ಡಿನ ನೇರ ಮೇಲೆ, ಕೆಳಗೆ ಡ್ರಿಲ್ ಬೇಡ, ವೈರ್ ಹೆಚ್ಚಾಗಿ ಅಲ್ಲೇ ಹೋಗಿರುತ್ತೆ. ಬ್ರಾಕೆಟ್ ಕೂತ ಮೇಲೆ, ಟಿವಿ ಹಾಕೋ ಮುಂಚೆ ಎರಡೂ ಕೈಯಲ್ಲಿ ಹಿಡಿದು ನಿಧಾನಕ್ಕೆ ಜಗ್ಗಿ. ಸ್ವಲ್ಪ ಅಲುಗಿದ್ರೂ ಟಿವಿ ಹಾಕಬೇಡಿ.

ಹಳೇ ಮಣ್ಣಿನ ಗೋಡೆ ಮನೆಯಲ್ಲಿದ್ರೆ ಗೋಡೆ ಆಸೆ ಬಿಡಿ, ಸ್ಟ್ಯಾಂಡೇ ವಾಸಿ. ದೊಡ್ಡಬಳ್ಳಾಪುರದಲ್ಲಿ ಪಕ್ಕದಲ್ಲೇ ಪವರ್‌ಲೂಮ್ ಓಡ್ತಿದ್ರೆ ಗೋಡೆ ಸಣ್ಣಗೆ ನಡುಗ್ತಾನೇ ಇರುತ್ತೆ. ತಿಂಗಳಿಗೊಮ್ಮೆ ಸ್ಕ್ರೂ ಸಡಿಲ ಆಗಿದೆಯಾ ನೋಡ್ಕೊಳ್ಳಿ.

ಕೊನೇ ಮಾತು. ಬಾಡಿಗೆ ಮನೆ ಆದ್ರೆ ಓನರ್‌ಗೆ ಮೊದಲೇ ಕೇಳಿ, ‘ಹಾಕಿ’ ಅಂದದ್ದನ್ನ ವಾಟ್ಸ್‌ಆ್ಯಪ್‌ನಲ್ಲಿ ಬರೆಸ್ಕೊಳ್ಳಿ. ಖಾಲಿ ಮಾಡೋ ದಿನ ನಾಲ್ಕು ತೂತಿಗೆ ಅಡ್ವಾನ್ಸ್ ಮುರ್ಕೊಂಡ್ರೆ ಆ ಮೆಸೇಜೇ ನಿಮ್ಮ ಸಾಕ್ಷಿ. ಒಪ್ಪಲಿಲ್ವಾ? ಗಟ್ಟಿ ಟೇಬಲ್ ಮೇಲೆ ಟಿವಿ ಇಟ್ಟು, ಹಿಂದೆ ಒಂದು ಪಟ್ಟಿ ಕಟ್ಟಿ. ಮ್ಯಾಚ್ ಅಲ್ಲೂ ಅಷ್ಟೇ ಚೆನ್ನಾಗಿ ಕಾಣುತ್ತೆ. ಮತ್ತೆ ಸಿಗೋಣ.