ನ್ಯಾಯಪೀಠವೂ ಪ್ರಾಣಭಯವೂ

ಉಗ್ರಕೃತ್ಯಗಳ ಮೊಕದ್ದಮೆಗಳನ್ನು ವಿಚಾರಿಸುವ ನ್ಯಾಯಾಧೀಶರಿಗೆ ಒದಗುವ ಅಪಾಯವನ್ನು ಅವರ ವೈಯಕ್ತಿಕ ಸಂಕಟವೆಂದು ಮಾತ್ರ ಭಾವಿಸುವುದು ವಾಡಿಕೆ. ಆದರೆ ಆ ಅಪಾಯದ ಫಲವನ್ನು ಕಟ್ಟಕಡೆಗೆ ಉಣ್ಣುವವನು ಕಕ್ಷಿಗಾರನೇ ಎಂಬುದನ್ನು ಕೆಲವು ನಿದರ್ಶನಗಳಿಂದ ಇಲ್ಲಿ ವಿಶದಪಡಿಸಲು ಯತ್ನಿಸುತ್ತೇವೆ.

ವಿಜಾಪುರ ಜಿಲ್ಲೆಯು 1956ರವರೆಗೆ ಮುಂಬಯಿ ಆಡಳಿತಕ್ಕೆ ಸೇರಿತ್ತು. ಅದೇ ಪ್ರಾಂತದ ನಾಸಿಕದಲ್ಲಿ 1909ರ ಡಿಸೆಂಬರ್ 21ರಂದು ಜಿಲ್ಲಾ ಮ್ಯಾಜಿಸ್ಟ್ರೇಟ್ ಜ್ಯಾಕ್ಸನ್ ಅವರನ್ನು ಅನಂತ ಕಾನ್ಹೇರೆ ಎಂಬ ಯುವಕನು ನಾಟಕಗೃಹದಲ್ಲಿ ಗುಂಡಿಕ್ಕಿ ಕೊಂದನು. ಗಣೇಶ ಸಾವರಕರರನ್ನು ವಿಚಾರಣೆಗೆ ಒಪ್ಪಿಸಿದುದು ಇದಕ್ಕೊಂದು ಕಾರಣ. 1908ರ ಏಪ್ರಿಲ್ 30ರಂದು ಮುಜಫರಪುರದಲ್ಲಿ ನ್ಯಾಯಾಧೀಶ ಕಿಂಗ್ಸ್‌ಫರ್ಡರಿಗೆಂದು ಎಸೆದ ಬಾಂಬಿಗೆ ಬಲಿಯಾದವರು ಬೇರೊಂದು ಗಾಡಿಯಲ್ಲಿದ್ದ ಇಬ್ಬರು ಸ್ತ್ರೀಯರು. ದಿನೇಶ ಗುಪ್ತನಿಗೆ ಮರಣದಂಡನೆ ವಿಧಿಸಿದ್ದ ಗಾರ್ಲಿಕ್ 1931ರ ಜುಲೈ 27ರಂದು ಅಲೀಪುರದ ನ್ಯಾಯಾಲಯದಲ್ಲಿಯೇ ಹತರಾದರು.

ಈ ಯುವಕರು ಪರಕೀಯ ಪ್ರಭುತ್ವದೊಡನೆ ಸೆಣಸಿದವರು. ನಾಡು ಅವರನ್ನು ಸ್ಮರಿಸುತ್ತದೆ. ಆ ಕಾಲದ ನ್ಯಾಯಾಲಯಗಳನ್ನೂ ಸ್ವತಂತ್ರ ಭಾರತದ ನ್ಯಾಯಾಲಯಗಳನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಸಲ್ಲದು. ಆದರೂ ಒಂದು ಸಂಗತಿ ಎರಡಕ್ಕೂ ಸಮಾನವಾಗಿದೆ: ತೀರ್ಪು ಬರೆದ ಕೈ ಯಾರದೆಂಬುದನ್ನು ಎಲ್ಲರೂ ಬಲ್ಲರು.

ತೀರ್ಪಿನೊಡನೆ ಅಪಾಯವು ಮುಗಿಯುವುದೂ ಇಲ್ಲ. 1968ರಲ್ಲಿ ಮಕ್ಬೂಲ್ ಭಟ್‌ಗೆ ಮರಣದಂಡನೆ ವಿಧಿಸಿದ ನೀಲಕಂಠ ಗಂಜೂ ಅವರು 1989ರ ನವೆಂಬರ್ 4ರಂದು ಶ್ರೀನಗರದಲ್ಲಿ ಕೊಲೆಯಾದರು. ನಡುವೆ ಕಳೆದುದು ಇಪ್ಪತ್ತೊಂದು ವರ್ಷ. ನಮ್ಮ ರಾಜ್ಯದಲ್ಲಿ 2022ರ ಮಾರ್ಚ್ 15ರಂದು ಹಿಜಾಬ್ ಪ್ರಕರಣದ ತೀರ್ಪಿತ್ತ ಉಚ್ಚ ನ್ಯಾಯಾಲಯದ ಮೂವರು ನ್ಯಾಯಮೂರ್ತಿಗಳಿಗೆ ಬೆದರಿಕೆ ಬಂದಿತು. ಅದು ಉಗ್ರರ ಮೊಕದ್ದಮೆಯಲ್ಲ. ಆದರೂ ಸರಕಾರವು ಅವರಿಗೆ 'ವೈ' ಶ್ರೇಣಿಯ ರಕ್ಷಣೆ ಒದಗಿಸಬೇಕಾಯಿತು. ಜಿಲ್ಲಾ ನ್ಯಾಯಾಧೀಶರಾದರೋ ಊರಿನ ಜನರ ನಡುವೆಯೇ ಬಾಳುವವರು. 2021ರ ಜುಲೈ 28ರಂದು ಧನಬಾದಿನ ನ್ಯಾಯಾಧೀಶ ಉತ್ತಮ ಆನಂದರು ಮುಂಜಾನೆಯ ವಾಯುಸೇವನೆಯ ವೇಳೆ ಆಟೋ ಹಾಯ್ದು ಮೃತರಾದರು. ನ್ಯಾಯಾಲಯವು ಅದನ್ನು ಕೊಲೆಯೆಂದೇ ನಿರ್ಣಯಿಸಿತು.

ಪ್ರಾಣಾಪಾಯಕ್ಕಿಂತ ಸೂಕ್ಷ್ಮವಾದ ಇನ್ನೊಂದು ಅಪಾಯವುಂಟು. ಅಂಜಿದ ನ್ಯಾಯಾಧೀಶನು ಅಪರಾಧಿಯನ್ನು ಬಿಟ್ಟುಬಿಡಬಹುದು. ಅಂಜಿಲ್ಲವೆಂದು ತೋರಿಸಿಕೊಳ್ಳಲು ನಿರಪರಾಧಿಯನ್ನು ದಂಡಿಸಲೂಬಹುದು. ಎರಡೂ ಭಯದ ಮಕ್ಕಳೇ.

ಹಾಗಾದರೆ ನ್ಯಾಯಾಧೀಶನನ್ನೇ ಮರೆಮಾಡಬಹುದೇ? ಪೆರು ದೇಶವು 1992ರಲ್ಲಿ ಈ ಪ್ರಯೋಗವನ್ನು ಕೈಗೊಂಡಿತು. ಮುಖ ಕಾಣಿಸದ, ಹೆಸರು ತಿಳಿಸದ ನ್ಯಾಯಾಧೀಶರು ಉಗ್ರರೆಂದು ಆಪಾದಿತರಾದವರನ್ನು ವಿಚಾರಿಸಿದರು. ಅಂತಹ ನ್ಯಾಯಾಧೀಶನ ನಿಷ್ಪಕ್ಷಪಾತವನ್ನು ಪ್ರಶ್ನಿಸುವ ದಾರಿಯೇ ಆಪಾದಿತನಿಗೆ ಇರಲಿಲ್ಲ. ಅಂತರ ಅಮೆರಿಕ ಮಾನವಹಕ್ಕು ನ್ಯಾಯಾಲಯವು 1999ರಲ್ಲಿ ಈ ಪದ್ಧತಿಯನ್ನು ದೋಷಯುಕ್ತವೆಂದು ಸಾರಿತು. ಭಾರತದ ರಾಷ್ಟ್ರೀಯ ತನಿಖಾ ಸಂಸ್ಥೆಯ 2008ರ ಕಾಯಿದೆಯು ಸಾಕ್ಷಿದಾರರ ಗುರುತನ್ನು ಗೋಪ್ಯವಾಗಿಡಲು ಅವಕಾಶವಿತ್ತಿದೆ, ನ್ಯಾಯಾಧೀಶರ ಗುರುತನ್ನಲ್ಲ. ಈ ಭೇದವು ವಿವೇಕಯುತವಾದುದೆಂದು ನಮ್ಮ ಅಭಿಪ್ರಾಯ.

ಅರಕೇರಿಯಿಂದ ವಿಜಾಪುರದ ನ್ಯಾಯಾಲಯಕ್ಕೆ ಬರುವ ರೈತನಿಗೆ ತನ್ನ ವ್ಯಾಜ್ಯವನ್ನು ತೀರಿಸುವವರು ಯಾರೆಂದು ತಿಳಿದಿರಬೇಕು. ಆ ನ್ಯಾಯಾಧೀಶರು ಯಾರಿಗೂ ಅಂಜದೆ ಮನೆಗೆ ಮರಳುವಂತೆಯೂ ಇರಬೇಕು. ಮೊದಲನೆಯದು ಪ್ರಜೆಯ ಹಕ್ಕು; ಎರಡನೆಯದು ರಾಜ್ಯದ ಹೊಣೆ. ಹೊಣೆಯನ್ನು ಹಗುರಮಾಡಿಕೊಳ್ಳಲು ಹಕ್ಕನ್ನು ಮೊಟಕುಗೊಳಿಸಲಾಗದು.