ಗೇರಿನ ಮೇಲೊಂದು ಚನ್ನಪಟ್ಟಣದ ಗುಂಡು

ಗೋವಿಂದರಾಜನಗರದ ಮನೆಬೀದಿಗಳನ್ನು ದಾಟಿ, ಮಾಗಡಿ ರಸ್ತೆಯನ್ನು ಹಿಡಿದು ಕಾಮಾಕ್ಷಿಪಾಳ್ಯದ ಕಡೆಗೆ ಹೊರಟವನಿಗೆ ಸಂಸಾರಸ್ಥರ ಸಾಲು ಎಲ್ಲಿ ಮುಗಿದು ಲೇತ್ ಅಂಗಡಿಗಳ ಸಾಲು ಎಲ್ಲಿ ಆರಂಭವಾಯಿತೆಂಬುದು ಕಣ್ಣಿಗಿಂತ ಮೊದಲು ಕಿವಿಗೆ ತಿಳಿಯುತ್ತದೆ. ಕಾರ್ಖಾನೆಗಳಿಗೆ ಬೇಕಾದ ಬಿಡಿಭಾಗಗಳನ್ನು ಸಾವಿರಗಟ್ಟಲೆ ಕಡೆದು ಕೊಡುವುದೇ ಈ ಅಂಗಡಿಗಳ ನಿತ್ಯವೃತ್ತಿಯಾದರೂ, ಹಳೆಯ ಕಾರನ್ನು ಸಾಕುವ ವ್ಯಸನಕ್ಕೆ ಬಿದ್ದ ಒಬ್ಬಾತನು ಒಂದೇ ಒಂದು ಪದಾರ್ಥಕ್ಕಾಗಿ ಬಂದು ನಿಂತಾಗ, "ಒಂದು ಪೀಸಿಗೆ ಸೆಟ್ಟಿಂಗೇ ಜಾಸ್ತಿ ಆಗುತ್ತೆ ಸಾರ್" ಎಂದು ಗೊಣಗಿಕೊಂಡೇ ಚಕ್ಕಿಗೆ ಕೈಹಾಕುವ ಟರ್ನರುಗಳು ಇಲ್ಲಿ ಇನ್ನೂ ಉಂಟು. ಹಾಗೆ ಮಾಡಿಸಿಕೊಳ್ಳತಕ್ಕ ಪದಾರ್ಥಗಳಲ್ಲಿ ಅತ್ಯಂತ ಸಣ್ಣದೂ, ನನ್ನ ಮತದಲ್ಲಿ ಅತ್ಯಂತ ರಸವತ್ತಾದುದೂ ಗೇರ್ ನಾಬ್.

ಕಾರಿನ ಎಂಜಿನ್ನನ್ನು ನಾವು ಕೇಳುತ್ತೇವೆ, ಮೈಬಣ್ಣವನ್ನು ನೋಡುತ್ತೇವೆ. ಗೇರ್ ಪೆಟ್ಟಿಗೆಯೊಳಗೆ ಹಲ್ಲಿಗೆ ಹಲ್ಲು ಕೂಡುವ ವ್ಯಾಪಾರವಾದರೋ ಅಂಗೈಗೆ ಬಂದು ಮುಟ್ಟುವುದು ಈ ಗುಂಡಿನ ಮೂಲಕವೇ. ಗುಂಡು ಭಾರವಾಗಿದ್ದರೆ ಕೋಲು ತನ್ನ ಜಡತ್ವದ ಬಲದಿಂದ ತಾನೇ ಮುಂದಕ್ಕೆ ಜಾರಿದಂತಾಗುತ್ತದೆ. ಹಗುರವಾಗಿದ್ದರೆ ಪೆಟ್ಟಿಗೆಯ ಸೂಕ್ಷ್ಮ ಕಂಪನವೆಲ್ಲ ಬೆರಳಿಗೆ ಸಿಕ್ಕುತ್ತದೆ. ಪೋರ್ಷೆಯವರು ತಮ್ಮ 917 ಎಂಬ ರೇಸ್ ಕಾರಿಗೆ, ತೂಕವನ್ನು ಗುಲಗಂಜಿಯಷ್ಟಾದರೂ ಇಳಿಸಬೇಕೆಂಬ ಹಟದಿಂದ, ಬಾಲ್ಸಾ ಮರದ ಗುಂಡನ್ನು ಹಾಕಿದ್ದರು. ಮುಂದೆ ಕರೇರಾ ಜಿಟಿ ಎಂಬ ದುಬಾರಿ ವಾಹನವನ್ನು ಮಾಡಿದಾಗ ಆ ಸ್ಮರಣೆಗೆಂದೇ ಮರದ ಗುಂಡನ್ನು ಉಳಿಸಿಕೊಂಡರು. ಮರವೆಂದರೆ ಬಡತನದ ಲಕ್ಷಣವಲ್ಲವೆಂಬುದಕ್ಕೆ ಇಷ್ಟು ಸಾಕ್ಷಿ ಸಾಕು.

ನಮ್ಮಲ್ಲಿ ಸ್ಪೋರ್ಟ್ಸ್ ಕಾರುಗಳ ಸಂಖ್ಯೆ ಅಂದೂ ಇಂದೂ ವಿರಳವೇ. ಹಡಗೇರಿ ಬಂದ ಕೆಲವು ಎಂಜಿ, ಟ್ರಯಂಫ್ ಗಾಡಿಗಳನ್ನು ಬಿಟ್ಟರೆ, 1961ರಿಂದ ಮದರಾಸಿನಲ್ಲಿ ತಯಾರಾದ ಸ್ಟ್ಯಾಂಡರ್ಡ್ ಹೆರಾಲ್ಡ್ ಆ ಕುಲದ ಹತ್ತಿರದ ನಂಟನೆನ್ನಬೇಕು. ಇಂಗ್ಲೆಂಡಿನ ಟ್ರಯಂಫ್ ಸ್ಪಿಟ್‌ಫೈರ್ ಹುಟ್ಟಿದ್ದು ಹೆರಾಲ್ಡಿನ ಚಾಸಿಯನ್ನು ಗಿಡ್ಡಮಾಡಿಯೇ.

ಇಂಥ ಗಾಡಿಗೆ ಮರದ ಗುಂಡು ಬೇಕೆಂದವನು ಸಮುದ್ರದಾಚೆಗೆ ಬರೆದು ತರಿಸುವ ಅಗತ್ಯವಿಲ್ಲ. ನಾಯಂಡಹಳ್ಳಿ, ಕೆಂಗೇರಿ, ಬಿಡದಿ, ರಾಮನಗರಗಳನ್ನು ದಾಟಿ ಬೆಂಗಳೂರಿನಿಂದ ಸುಮಾರು 60 ಕಿಲೋಮೀಟರು ಹೋದರೆ ಚನ್ನಪಟ್ಟಣ. ಟಿಪ್ಪುವಿನ ಕಾಲದಲ್ಲಿ ಪರ್ಷಿಯಾದಿಂದ ಬಂದ ಕುಶಲಿಗಳು ಕಲಿಸಿದರೆಂದು ಪರಂಪರೆ ಹೇಳುವ ಈ ವಿದ್ಯೆಯಲ್ಲಿ, ನೂಲೆಳೆ ನವಿರಿನ ಹಾಲೆಮರವನ್ನು ಒಣಗಿಸಿ, ಲೇತಿಗೆ ಕಟ್ಟಿ, ಉಳಿಯಿಂದ ಕಡೆದು, ತಿರುಗುತ್ತಿರುವ ಮರಕ್ಕೆ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿಯುತ್ತಾರೆ. ಬೆಂಕಿಯಿಲ್ಲದೆ, ಘರ್ಷಣೆಯ ಕಾವಿನಿಂದಲೇ ಅರಗು ಕರಗಿ ಮರವನ್ನು ತಬ್ಬಿಕೊಳ್ಳುತ್ತದೆ. ಆಮೇಲೆ ಕೇದಗೆಯ ಜಾತಿಯ ಗರಿಯೊಂದನ್ನು ಮಡಿಸಿ ಅದರ ಮೇಲೆ ಒತ್ತಿದರೆ, ನೋಡುತ್ತಿದ್ದಂತೆ ಮಂಕು ಹರಿದು ಹೊಳಪು ಏರುತ್ತದೆ. ಬಾಲ್ಯದ ಬುಗುರಿ, ಗಿಲಕಿಗಳನ್ನು ಕಡೆದ ಕೈಗೆ ಗೇರಿನ ಗುಂಡು ಪರಕೀಯವೆನಿಸಲಾರದು.

ಆದರೆ ಹಾಲೆಮರ ಮೃದು. ಅದರಲ್ಲಿಯೇ ಥ್ರೆಡ್ ಕೊರೆದರೆ ಕೆಲವು ತಿಂಗಳ ಎಳೆದಾಟಕ್ಕೆ ಸವೆದು ಗುಂಡು ಕೈಗೇ ಕಿತ್ತು ಬರುವುದು. ಆದಕಾರಣ ಕಾಮಾಕ್ಷಿಪಾಳ್ಯದ ಹಿತ್ತಾಳೆ ಬುಷ್ ಅನಿವಾರ್ಯ. ಕಾರ್ಯದ ಮರ್ಮವೆಲ್ಲ ಅಳತೆಯಲ್ಲಿದೆ. 10 ಮಿ.ಮೀ. ವ್ಯಾಸದ ಕೋಲಿನಲ್ಲಿಯೇ, ಸುತ್ತಿಗೆ 1.25 ಮಿ.ಮೀ. ಏರುವ ಥ್ರೆಡ್ ಒಂದು ಕಾರಿನದಾದರೆ 1.5 ಮಿ.ಮೀ. ಏರುವುದು ಇನ್ನೊಂದರದು. ಹಳೆಯ ಇಂಗ್ಲಿಷ್ ಗಾಡಿಗಳ ಇಂಚಿನ ಲೆಕ್ಕವಂತೂ ಮೋಸಗಾರ: 5/16 ಇಂಚೆಂದರೆ 7.94 ಮಿ.ಮೀ., ಕಣ್ಣಿಗೂ ಕ್ಯಾಲಿಪರಿಗೂ ಸರಿಸುಮಾರು 8. ಆ ಭ್ರಮೆಯಲ್ಲಿ 8ರ ಟ್ಯಾಪ್ ಹೊಡೆದರೆ ಗುಂಡು ಒಂದೆರಡು ಸುತ್ತು ಸಲೀಸಾಗಿ ಇಳಿದು ಅನಂತರ ಕಚ್ಚಿಕೊಳ್ಳುತ್ತದೆ. ಅಲ್ಲಿಗೆ ಸ್ಪ್ಯಾನರ್ ಹಾಕಿ ಬಲಾತ್ಕರಿಸಿದರೆ, ಮತ್ತೆಲ್ಲಿಯೂ ಸಿಕ್ಕದ ಗೇರ್ ರಾಡಿನ ಹಲ್ಲೇ ಹಾಳಾಗುವುದು. ಬಲ್ಲ ಟರ್ನರು ಪಿಚ್ ಗೇಜಿನ ಎಲೆಗಳನ್ನು ಒಂದೊಂದಾಗಿ ರಾಡಿನ ಮೇಲಿಟ್ಟು, ಬೆಳಕಿಗೆ ಹಿಡಿದು, ಸಂದು ಕಾಣದಿದ್ದರೆ ಮಾತ್ರ ಒಪ್ಪುತ್ತಾನೆ. ಬುಷ್ಷಿನ ಹೊರಮೈಗೆ ನರ್ಲಿಂಗ್ ಗೀಚಿ, ಟ್ಯಾಪನ್ನು ಅರ್ಧ ಸುತ್ತು ಮುಂದೆ, ಕಾಲು ಸುತ್ತು ಹಿಂದೆ ತಿರುಗಿಸಿ ಚೂರು ಮುರಿಯುತ್ತ ಥ್ರೆಡ್ ತೆಗೆದು, ಅರಾಲ್ಡೈಟ್ ಸವರಿ ಮರದ ತೂತಿಗೆ ಕೂರಿಸಿ ಒಂದು ರಾತ್ರಿ ಬಿಡಬೇಕು.

ಕೂರಿಸುವುದು ಇದಕ್ಕೆ ಹೋಲಿಸಿದರೆ ಅಲ್ಪವೇ. ಚೆಕ್‌ನಟ್ ಸಡಿಲಿಸಿ ಹಳೆಯದನ್ನು ಬಿಚ್ಚಿ, ಹೊಸದನ್ನು ಕೈಯಿಂದ ತಿರುಗಿಸಿ, ಗೇರಿನ ನಕ್ಷೆ ಚಾಲಕನಿಗೆ ನೇರವಾಗಿ ನಿಂತ ಕಡೆ ನಟ್ಟನ್ನು ಮೇಲಕ್ಕೆ ಬಿಗಿಯುವುದು. ರಿವರ್ಸಿಗೆಂದು ಎತ್ತಬೇಕಾದ ಉಂಗುರವಿದ್ದರೆ ಅದರ ಓಡಾಟಕ್ಕೆ ಜಾಗ ಉಳಿಯಿತೇ ಎಂದು ಮೊದಲೇ ನೋಡಿಕೊಳ್ಳತಕ್ಕದ್ದು. ಅರಗು 75 ಡಿಗ್ರಿಯ ಆಸುಪಾಸಿನಲ್ಲಿ ಕರಗುವುದರಿಂದ, ಅದಕ್ಕೂ ಮೊದಲೇ ಮೆತ್ತಗಾಗುವುದರಿಂದ, ಏಪ್ರಿಲ್ ಬಿಸಿಲಿನಲ್ಲಿ ಗಾಜು ಮುಚ್ಚಿ ನಿಲ್ಲಿಸುವವರು ಗುಂಡಿನ ಮೇಲೊಂದು ಬಟ್ಟೆ ಹೊದಿಸುವುದು ಲೇಸು. ಬಿಚ್ಚಿದ ಹಳೆಯ ಗುಂಡನ್ನು ಮಾತ್ರ ಎಸೆಯಕೂಡದು: ಹಳೆಯ ಕಾರುಗಳ ಪ್ರದರ್ಶನದಲ್ಲಿ ತೀರ್ಪುಗಾರರು ಕಾರ್ಖಾನೆಯಿಂದ ಬಂದ ಭಾಗಗಳಿಗೇ ಅಂಕ ಕೊಡುವವರಾದುದರಿಂದ, ಆ ಒಂದು ದಿನದ ಮಟ್ಟಿಗೆ ಅದನ್ನೇ ತಿರುಗಿಸಿಕೊಂಡು ಹೋಗಿ, ಮನೆಗೆ ಹೊರಡುವ ಮುನ್ನ ಪುನಃ ಹಾಲೆಮರದ್ದನ್ನು ಹಾಕಿಕೊಳ್ಳುವುದಕ್ಕೆ ಐದು ನಿಮಿಷವೂ ಹಿಡಿಯದು.