ಮನೆಯವರದೇ ರಕ್ತ, ಆದರೂ ಹೊಂದುವುದಿಲ್ಲ

ನಮ್ಮ ಕಾಲೇಜಿನ ಗುರುತಿನ ಚೀಟಿಯ ಫಾರಂನಲ್ಲಿ "ರಕ್ತದ ಗುಂಪು" ಎಂಬ ಖಾನೆ ಇದೆ. ಪ್ರಥಮ ಪಿಯುಸಿಗೆ ಸೇರಿದಾಗ ನಾನು ಅಲ್ಲಿ ಒ ಪಾಸಿಟಿವ್ ಎಂದು ಬರೆದೆ. ಪರೀಕ್ಷೆ ಮಾಡಿಸಿ ಬರೆದದ್ದಲ್ಲ. ಪಕ್ಕದಲ್ಲಿ ಕುಳಿತ ಗೆಳತಿ ಹಾಗೆ ಬರೆದಿದ್ದಳು, ನಾನೂ ಬರೆದೆ. ಕಾಮರ್ಸ್ ಓದುವವಳಿಗೆ ಇದೆಲ್ಲ ಯಾಕೆ ಎಂದುಕೊಂಡಿದ್ದೆ.

ನಮ್ಮೂರು ಆವನಿ. ಸೀತಮ್ಮ ಲವ-ಕುಶರನ್ನು ಹೆತ್ತ ಜಾಗ ಎಂದು ಜನ ನಂಬುವ ಊರು. ಮಕ್ಕಳಾಗಲಿ ಎಂದು ದೂರದಿಂದ ಬಂದು ಹೆಂಗಸರು ಬೆಟ್ಟ ಹತ್ತುತ್ತಾರೆ. ಅದೇ ಊರಿನ ನಮ್ಮ ಮನೆಯಲ್ಲಿ ಹೋದ ವರ್ಷ ಆಪಾಗೆ ನಾಲ್ಕನೇ ತಿಂಗಳಲ್ಲಿ ಅಬಾರ್ಷನ್ ಆಯಿತು. ಅಮ್ಮಿ ಅತ್ತರು, ದಾದಿ ದುವಾ ಮಾಡಿದರು, ಅಲ್ಲಿಗೆ ಮುಗಿಯಿತು ಎಂದುಕೊಂಡೆವು. ಈ ವರ್ಷ ಆಪಾ ಮತ್ತೆ ಬಸುರಿ. ತಪಾಸಣೆಗೆ ಹೋದಾಗ ಡಾಕ್ಟರು ಕಾರ್ಡು ನೋಡಿ ಕೇಳಿದರು: "ನೀವು ಬಿ ನೆಗೆಟಿವ್. ಹೋದ ಸಲ ಇಂಜೆಕ್ಷನ್ ತಗೊಂಡಿದ್ರಾ?" ಯಾವ ಇಂಜೆಕ್ಷನ್? ಯಾರೂ ನಮಗೆ ಹೇಳಿರಲಿಲ್ಲ. ದುಲ್ಹಾಭಾಯಿಯದು ಪಾಸಿಟಿವ್ ಗುಂಪು. ಒಂದು ರಕ್ತ ಪರೀಕ್ಷೆ ಬರೆದುಕೊಟ್ಟು, ರಿಪೋರ್ಟ್ ಎರಡು ದಿನಕ್ಕೆ ಬರುತ್ತದೆ ಎಂದರು. ಆ ಎರಡು ದಿನಗಳಲ್ಲಿ ನಮ್ಮ ಬಯಾಲಜಿ ಮೇಡಂ ಹಿಂದೆ ಬಿದ್ದು ನಾನು ತಿಳಿದುಕೊಂಡದ್ದು ಇದು.

ಕೆಂಪು ರಕ್ತಕಣದ ಮೈಮೇಲೆ ಕೆಲವು ಗುರುತುಗಳಿರುತ್ತವೆ. ಅವುಗಳ ಹೆಸರು ಪ್ರತಿಜನಕ. ಎ ಗುರುತು ಇದ್ದರೆ ಎ ಗುಂಪು, ಬಿ ಇದ್ದರೆ ಬಿ, ಎರಡೂ ಇದ್ದರೆ ಎಬಿ, ಎರಡೂ ಇಲ್ಲದಿದ್ದರೆ ಒ. ಇದನ್ನು 1901ರಲ್ಲಿ ತೋರಿಸಿಕೊಟ್ಟವರು ವಿಯೆನ್ನಾದ ಕಾರ್ಲ್ ಲ್ಯಾಂಡ್‌ಸ್ಟೈನರ್. ನಮ್ಮಲ್ಲಿ ಯಾವ ಗುರುತು ಇಲ್ಲವೋ ಅದರ ವಿರುದ್ಧ ನಮ್ಮ ರಕ್ತದಲ್ಲಿ ಪ್ರತಿಕಾಯ ಎಂಬ ಕಾವಲುಗಾರರು ಇರುತ್ತಾರೆ. ಎ ಗುಂಪಿನವರಿಗೆ ಬಿ ರಕ್ತ ಕೊಟ್ಟರೆ ಆ ಕಾವಲುಗಾರರು ಹೊಸ ಕಣಗಳನ್ನು ಒಡೆದುಹಾಕುತ್ತಾರೆ. ಮೂತ್ರಪಿಂಡ ಕೆಡಬಹುದು, ಜೀವವೂ ಹೋಗಬಹುದು.

ಪಾಸಿಟಿವ್, ನೆಗೆಟಿವ್ ಎನ್ನುವುದು ಡಿ ಎಂಬ ಇನ್ನೊಂದು ಗುರುತಿನ ಲೆಕ್ಕ. ಇಲ್ಲಿ ಒಂದು ವ್ಯತ್ಯಾಸ ಇದೆ, ಆಪಾ ವಿಷಯ ಪೂರ್ತಿ ನಿಂತಿರುವುದು ಇದರ ಮೇಲೆ. ಎ, ಬಿ ವಿರುದ್ಧದ ಕಾವಲು ಹುಟ್ಟಿದ ಕೆಲವೇ ತಿಂಗಳಲ್ಲಿ ತಾನಾಗಿ ಬರುತ್ತದೆ. ಡಿ ವಿರುದ್ಧದ ಕಾವಲು ಮಾತ್ರ ಡಿ ಇರುವ ರಕ್ತ ಒಮ್ಮೆ ಒಳಗೆ ಬಂದ ಮೇಲೆಯೇ ಹುಟ್ಟುವುದು. ನೆಗೆಟಿವ್ ತಾಯಿಯ ಹೊಟ್ಟೆಯಲ್ಲಿ ಪಾಸಿಟಿವ್ ಮಗು ಇದ್ದರೆ, ಹೆರಿಗೆಯಲ್ಲಿ ಅಥವಾ ಅಬಾರ್ಷನ್‌ನಲ್ಲಿ ಮಗುವಿನ ರಕ್ತ ಸ್ವಲ್ಪ ತಾಯಿಗೆ ಸೇರುತ್ತದೆ. ಆ ಮಗುವಿಗೆ ಸಾಮಾನ್ಯವಾಗಿ ಏನೂ ಆಗುವುದಿಲ್ಲ. ಆದರೆ ತಾಯಿಯ ದೇಹ ಅದನ್ನು ನೆನಪಿಟ್ಟುಕೊಳ್ಳುತ್ತದೆ. ಮುಂದಿನ ಮಗುವೂ ಪಾಸಿಟಿವ್ ಆದರೆ ತಾಯಿಯ ಪ್ರತಿಕಾಯಗಳು ಮಾಸು ದಾಟಿ ಹೋಗಿ ಮಗುವಿನ ರಕ್ತಕಣಗಳನ್ನು ಒಡೆಯುತ್ತವೆ. ಮಗುವಿಗೆ ರಕ್ತಹೀನತೆ, ಹುಟ್ಟಿದ ಕೂಡಲೇ ಜೋರಾದ ಕಾಮಾಲೆ. ಕಾಮಾಲೆ ಮಿತಿ ಮೀರಿದರೆ ಮಿದುಳಿಗೇ ಪೆಟ್ಟು. ಕೆಲವು ಮಕ್ಕಳು ಹೊಟ್ಟೆಯಲ್ಲೇ ತೀರಿಕೊಳ್ಳುತ್ತವೆ.

ಇದನ್ನು ತಡೆಯುವ ಇಂಜೆಕ್ಷನ್ ಹೆಸರು ಆಂಟಿ-ಡಿ. ಬಸುರಿಯ 28ನೇ ವಾರದಲ್ಲಿ ಒಂದು, ಹುಟ್ಟಿದ ಮಗು ಪಾಸಿಟಿವ್ ಆಗಿದ್ದರೆ 72 ಗಂಟೆಯೊಳಗೆ ಇನ್ನೊಂದು. ತಾಯಿಯ ದೇಹ ಎಚ್ಚೆತ್ತುಕೊಳ್ಳುವ ಮೊದಲೇ ಮಗುವಿನ ಕಣಗಳನ್ನು ಅದು ತೆಗೆದುಹಾಕುತ್ತದೆ. ಇದು ತಯಾರಾಗುವುದು ದಾನಿಗಳ ಪ್ಲಾಸ್ಮಾದಿಂದ. ಆಸ್ಟ್ರೇಲಿಯಾದ ಜೇಮ್ಸ್ ಹ್ಯಾರಿಸನ್ ಎಂಬವರು ಇದಕ್ಕಾಗಿ 1,173 ಸಲ ದಾನ ಕೊಟ್ಟರು. 2025ರ ಫೆಬ್ರವರಿಯಲ್ಲಿ, 88ನೇ ವಯಸ್ಸಿನಲ್ಲಿ ತೀರಿಕೊಂಡರು.

ಮನೆಯಲ್ಲಿ ದಾದಿಯ ಪ್ರಶ್ನೆ ಬೇರೆ ಇತ್ತು. "ಅಬ್ಬಾ ಪಾಸಿಟಿವ್, ಅಮ್ಮಿ ಪಾಸಿಟಿವ್, ಹುಡುಗಿ ಹೇಗೆ ನೆಗೆಟಿವ್?" ಇಂಥ ಪ್ರಶ್ನೆಯಿಂದ ಮನೆಗಳಲ್ಲಿ ಜಗಳವೂ ಆಗುತ್ತದೆ. ಉತ್ತರ ಸುಲಭ. ಪ್ರತಿಯೊಬ್ಬರಿಗೂ ತಾಯಿಯಿಂದ ಒಂದು, ತಂದೆಯಿಂದ ಒಂದು ಜೀನ್ ಬರುತ್ತದೆ. ಒಂದರಲ್ಲಿ ಡಿ ಇದ್ದರೂ ಸಾಕು, ಪಾಸಿಟಿವ್. ಇಬ್ಬರೂ ಡಿ ಇಲ್ಲದ ಒಂದೊಂದು ಜೀನನ್ನು ಒಳಗೆ ಇಟ್ಟುಕೊಂಡಿದ್ದರೆ ಮಗಳಿಗೆ ಅವೆರಡೂ ಸಿಗಬಹುದು. ನೆಂಟರಲ್ಲೇ ಮದುವೆಯಾದರೆ ಇಂಥ ಅಡಗಿದ ಜೀನ್‌ಗಳು ಜೊತೆಯಾಗುವ ಸಾಧ್ಯತೆ ಹೆಚ್ಚು. ನಮ್ಮಲ್ಲಿ ಚಾಚಾನ ಮಗ, ಪಕ್ಕದ ಮನೆಯವರಲ್ಲಿ ಸೋದರಮಾವ, ಲೆಕ್ಕ ಒಂದೇ.

ನೂರಾರು ಕಿಲೋಮೀಟರ್ ಆಚೆಗೆ ಹೋಗದೆ ಇದಕ್ಕೆ ಉದಾಹರಣೆ ಸಿಗುತ್ತದೆ. ನಮ್ಮ ಕೋಲಾರ ಜಿಲ್ಲೆಯ 38 ವರ್ಷದ ಮಹಿಳೆಯೊಬ್ಬರು ಹೃದಯ ಶಸ್ತ್ರಚಿಕಿತ್ಸೆಗೆ ದಾಖಲಾಗಿದ್ದರು. ಅವರದು ಒ ಪಾಸಿಟಿವ್, ಎಲ್ಲ ಕಡೆ ಸಿಗುವ ಗುಂಪು. ಆದರೆ ಯಾವ ಒ ಪಾಸಿಟಿವ್ ರಕ್ತವೂ ಹೊಂದಲಿಲ್ಲ. ಬೆಂಗಳೂರಿನ ರೋಟರಿ ಟಿಟಿಕೆ ರಕ್ತ ಕೇಂದ್ರದಲ್ಲಿ ಪರೀಕ್ಷಿಸಿದಾಗ ಎಲ್ಲ ಮಾದರಿಗಳ ಮೇಲೂ ಅವರ ರಕ್ತ ತಿರುಗಿಬಿತ್ತು. ಕುಟುಂಬದ 20 ಮಂದಿಯ ರಕ್ತ ನೋಡಿದರು, ಒಬ್ಬರದೂ ಸರಿಹೋಗಲಿಲ್ಲ. ಕೊನೆಗೆ ರಕ್ತವನ್ನೇ ಕೊಡದೆ, ಬಹಳ ಎಚ್ಚರಿಕೆಯಿಂದ ಆಪರೇಷನ್ ಮುಗಿಸಿದರು. ಮಾದರಿ ಇಂಗ್ಲೆಂಡಿನ ಬ್ರಿಸ್ಟಲ್‌ಗೆ ಹೋಯಿತು. ಹತ್ತು ತಿಂಗಳ ಸಂಶೋಧನೆಯ ನಂತರ ಜಗತ್ತಿನಲ್ಲಿ ಅದುವರೆಗೆ ಯಾರಿಗೂ ಗೊತ್ತಿರದ ಪ್ರತಿಜನಕ ಎಂದು ತಿಳಿಯಿತು. 2025ರ ಜೂನ್‌ನಲ್ಲಿ ಇಟಲಿಯ ಮಿಲಾನ್ ಸಮ್ಮೇಳನದಲ್ಲಿ ಅದರ ಹೆಸರು ಘೋಷಣೆಯಾಯಿತು: ಸಿಆರ್‌ಐಬಿ. ಸಿಆರ್ ಎಂದರೆ ಕ್ರೋಮರ್ ಎಂಬ ರಕ್ತಗುಂಪು ವ್ಯವಸ್ಥೆ, ಐ ಎಂದರೆ ಇಂಡಿಯಾ, ಬಿ ಎಂದರೆ ಬೆಂಗಳೂರು. ಕೋಲಾರಕ್ಕೆ ಒಂದು ಅಕ್ಷರವೂ ಸಿಗಲಿಲ್ಲ ಎಂದು ನನಗೆ ಸ್ವಲ್ಪ ಬೇಜಾರು! ಕೂಡಿಸಿ ಓದಿದರೆ ಕ್ರಿಬ್, ಇಂಗ್ಲಿಷಿನಲ್ಲಿ ಮಗುವಿನ ತೊಟ್ಟಿಲು.

ಇಂಥವರಿಗೆ ಇರುವ ದಾರಿಗಳು ಎರಡು. ಆಪರೇಷನ್‌ಗೆ ಮೊದಲೇ ತಮ್ಮದೇ ರಕ್ತ ತೆಗೆಸಿಡುವುದು, ಇಲ್ಲವೇ ಅಪರೂಪದ ದಾನಿಗಳ ಪಟ್ಟಿಯಲ್ಲಿ ಹುಡುಕುವುದು. 1952ರಲ್ಲಿ ಡಾ. ಭೆಂಡೆ ಮತ್ತು ಜೊತೆಗಾರರು ಕಂಡುಹಿಡಿದ ಬಾಂಬೆ ಗುಂಪಿನವರದೂ ಇದೇ ಪಾಡು. ಸಾಮಾನ್ಯ ಪರೀಕ್ಷೆಯಲ್ಲಿ ಅದು ಒ ಎಂದೇ ಕಾಣುತ್ತದೆ, ಆದರೆ ಒ ರಕ್ತ ಅವರಿಗೆ ವಿಷ. ರಕ್ತ ಕೊಡುವ ಮೊದಲು ಇಬ್ಬರ ಮಾದರಿ ಬೆರೆಸಿ ನೋಡುವ ಕ್ರಾಸ್‌ಮ್ಯಾಚ್ ಅದಕ್ಕಾಗಿಯೇ ಇರುವುದು.

ಕಿಡ್ನಿ ಕಸಿಯಲ್ಲೂ ಎ, ಬಿ ಲೆಕ್ಕ ನೋಡಬೇಕು, ಏಕೆಂದರೆ ಆ ಗುರುತುಗಳು ಕಿಡ್ನಿಯ ರಕ್ತನಾಳಗಳ ಮೇಲೂ ಇವೆ. ಪಾಸಿಟಿವ್-ನೆಗೆಟಿವ್ ಅಲ್ಲಿ ಮುಖ್ಯವಲ್ಲ. ಗಂಡನ ಕಿಡ್ನಿ ಹೆಂಡತಿಗೆ ಹೊಂದದಿದ್ದರೆ, ಅದೇ ತೊಂದರೆಯ ಇನ್ನೊಂದು ಕುಟುಂಬದೊಂದಿಗೆ ಅದಲುಬದಲು ಮಾಡಿಕೊಳ್ಳಲು 2011ರ ತಿದ್ದುಪಡಿ ಕಾನೂನು ಅವಕಾಶ ಕೊಟ್ಟಿದೆ. ನಮ್ಮ ಅಕೌಂಟೆನ್ಸಿ ಪುಸ್ತಕದಲ್ಲೂ ಇಲ್ಲದ ವಿನಿಮಯ.

ಆಪಾ ರಿಪೋರ್ಟ್ ಬಂತು. ಪ್ರತಿಕಾಯ ಇನ್ನೂ ಹುಟ್ಟಿಲ್ಲ. ಅಮ್ಮಿ ಅಲ್ಲೇ ಬೆಂಚಿನ ಮೇಲೆ ಕುಳಿತುಬಿಟ್ಟರು. 28ನೇ ವಾರದ ತಾರೀಕನ್ನು ಅಬ್ಬಾ ಟೊಮೆಟೊ ಲೆಕ್ಕದ ಡೈರಿಯಲ್ಲೇ ಬರೆದಿಟ್ಟಿದ್ದಾರೆ. ಅದೇ ಲ್ಯಾಬಿನಲ್ಲಿ ನಾನೂ ರಕ್ತ ಕೊಟ್ಟಿದ್ದೆ. ನಾನೂ ಬಿ ನೆಗೆಟಿವ್. ಮಾರನೇ ದಿನ ಕಾಲೇಜು ಕಚೇರಿಗೆ ಹೋಗಿ ಗುರುತಿನ ಚೀಟಿ ತಿದ್ದಿಸಿಕೊಂಡೆ. ಗೆಳತಿಯನ್ನು ಕೇಳಿದೆ, "ನೀನು ಒ ಪಾಸಿಟಿವ್ ಎಂದು ಹೇಗೆ ಬರೆದೆ?" ಅವಳು ನಕ್ಕಳು, "ನೀನೇ ಮೊದಲು ಬರೆದೆಯಲ್ಲ!"